ಕಿರಿದು ಹಣ, ಹಿರಿದು ನೋಟ

ಮಧುಗಿರಿಯ ಬೆಟ್ಟವನ್ನು ಚಿತ್ರದಲ್ಲಿ ಹಿಡಿಯಹೊರಟವರೆಲ್ಲರೂ ಮೊದಲು ಮಾಡುವ ಕೆಲಸ ಒಂದೇ: ಹಿಂದೆ ಸರಿಯುವುದು. ಎರಡು ಹೆಜ್ಜೆ, ನಾಲ್ಕು ಹೆಜ್ಜೆ, ಹತ್ತು ಹೆಜ್ಜೆ. ಎಷ್ಟು ಸರಿದರೂ ಬಂಡೆ ಚೌಕಟ್ಟಿನೊಳಕ್ಕೆ ಬರಲೊಲ್ಲದು. ಕಡೆಗೆ ಬೆನ್ನು ಯಾರದೋ ಅಂಗಡಿಯ ಕಟ್ಟೆಗೆ ತಗುಲಿದಾಗ, "ಈ ಕ್ಯಾಮೆರಾದಿಂದ ಆಗದು, ವೈಡ್ ಆಂಗಲ್ ಲೆನ್ಸೊಂದು ಬೇಕು" ಎಂಬ ನಿರ್ಣಯಕ್ಕೆ ಬರುತ್ತಾರೆ. ಸಮುದ್ರಮಟ್ಟದಿಂದ ಸುಮಾರು ೩,೯೦೦ ಅಡಿಯ ಎತ್ತರದಲ್ಲಿ ತಲೆಯೆತ್ತಿ ನಿಂತಿರುವ ಈ ಒಂಟಿ ಬಂಡೆ ಎಷ್ಟು ಮಂದಿಯ ಜೇಬಿಗೆ ಕತ್ತರಿ ಹಾಕಿಸಿದೆಯೋ ಲೆಕ್ಕವಿಟ್ಟವರಿಲ್ಲ. ಅವರಲ್ಲಿ ನಾನೂ ಒಬ್ಬ.

ಹಾಗೆ ಕಳೆದುಕೊಂಡ ಹಣ ಹೆಚ್ಚಿನದೇನಲ್ಲ. ಆದರೆ ಅದರಿಂದ ಕಲಿತ ಪಾಠ ಉಳಿದವರಿಗೂ ಉಪಯೋಗಕ್ಕೆ ಬಂದೀತೆಂದು ಈ ಲೇಖನ. ಮಸೂರಗಳ ವಿಷಯದಲ್ಲಿ ನಾನು ಪಂಡಿತನಲ್ಲ; ಕಾಲೇಜಿನಲ್ಲಿ ಕನ್ನಡ ಹೇಳಿಕೊಡುವವನು. ತಿಂಗಳ ಸಂಬಳದಲ್ಲಿ ಮನೆಯ ಖರ್ಚು ಕಳೆದು ಮಿಕ್ಕುದರಲ್ಲಿ ಒಂದು ಹವ್ಯಾಸವನ್ನು ಸಾಕಿಕೊಂಡು ಬಂದವನು. ನನ್ನಂಥವರು ಬಹಳ ಮಂದಿ ಇರುವರೆಂದು ನಂಬಿದ್ದೇನೆ.

ಬೆಟ್ಟವಲ್ಲ, ಗೋಡೆ

ಮಸೂರದ ಮೇಲೆ ಮಿಲಿಮೀಟರುಗಳಲ್ಲಿ ಬರೆದಿರುವ ಸಂಖ್ಯೆ ಅದರ ಸಂಗಮದೂರ. ಸಂಖ್ಯೆ ಕಿರಿದಾದಷ್ಟೂ ನೋಟ ಹಿರಿದು. ಹಿಂದಿನ ಫಿಲ್ಮ್ ಕ್ಯಾಮೆರಾದ ೩೬ ಮಿ.ಮೀ. ಅಗಲದ ಚೌಕಟ್ಟಿನಲ್ಲಿ ೫೦ ಮಿ.ಮೀ. ಮಸೂರ ಮೂಲೆಯಿಂದ ಮೂಲೆಗೆ ಸುಮಾರು ೪೭ ಡಿಗ್ರಿಯಷ್ಟು ಕಾಣುತ್ತದೆ, ೨೮ ಮಿ.ಮೀ. ಮಸೂರ ೭೫ ಡಿಗ್ರಿ, ೨೦ ಮಿ.ಮೀ. ಮಸೂರ ೯೪ ಡಿಗ್ರಿ. ಇಷ್ಟು ತಿಳಿದೊಡನೆ, ಬೆಟ್ಟ ದೊಡ್ಡದು, ಆದ್ದರಿಂದ ಸಂಖ್ಯೆ ಚಿಕ್ಕದಾಗಬೇಕು ಎಂದು ತರ್ಕ ಮಾಡುವುದು ಸಹಜ. ತರ್ಕವೇನೋ ಸರಿ, ಆದರೆ ಚಿತ್ರ ತೆಗೆದು ನೋಡಿದಾಗ ತಿಳಿಯುತ್ತದೆ ಅದರ ಫಲ. ಅಗಲಕೋನದ ಮಸೂರ ಬೆಟ್ಟವನ್ನಷ್ಟೇ ಹಿಡಿಯುವುದಿಲ್ಲ. ಬೆಟ್ಟದ ಮೇಲಣ ಆಕಾಶ, ಮುಂದಿನ ರಸ್ತೆ, ರಸ್ತೆಯಲ್ಲಿ ನಿಂತ ಆಟೋರಿಕ್ಷಾ, ವಿದ್ಯುತ್ ತಂತಿ, ಎಲ್ಲವನ್ನೂ ಬಾಚಿಕೊಳ್ಳುತ್ತದೆ. ಹತ್ತಿರದ್ದು ದೈತ್ಯವಾಗುತ್ತದೆ, ದೂರದ್ದು ಕುಗ್ಗುತ್ತದೆ. ಏಷ್ಯಾದ ದೊಡ್ಡ ಏಕಶಿಲೆಗಳಲ್ಲೊಂದೆಂದು ಹೆಸರಾದ ಬೆಟ್ಟ ಆಟೋರಿಕ್ಷಾದ ಹಿಂದಿನ ಹುತ್ತದಂತೆ ಕಾಣುತ್ತದೆ!

ಬೆಟ್ಟಕ್ಕೆ ಬೇಕಾದದ್ದು ಹೊಸ ಮಸೂರವಲ್ಲ, ಸ್ವಲ್ಪ ನಡಿಗೆ. ಊರಾಚೆಯ ಹೊಲಗಳ ಕಡೆಗೆ ಒಂದೆರಡು ಮೈಲಿ ಹೋದರೆ, ಕ್ಯಾಮೆರಾದ ಜೊತೆಗೇ ಬಂದ ೧೮-೫೫ ಮಿ.ಮೀ. ಮಸೂರವೇ ಇಡೀ ಬೆಟ್ಟವನ್ನು ಅದರ ಗಾಂಭೀರ್ಯ ಕೆಡದಂತೆ ಹಿಡಿದುಕೊಡುತ್ತದೆ. ನಡೆಯಲು ಬೇಸರವಾದರೆ ಕ್ಯಾಮೆರಾವನ್ನು ಲಂಬವಾಗಿ ಹಿಡಿದು, ಒಂದರ ಮೇಲೊಂದು ಮೂರನೆಯ ಒಂದು ಭಾಗದಷ್ಟು ಬರುವಂತೆ ಐದಾರು ಚಿತ್ರಗಳನ್ನು ಸಾಲಾಗಿ ತೆಗೆದು, ಕಂಪ್ಯೂಟರಿನಲ್ಲಿ ಜೋಡಿಸಬಹುದು. ಖರ್ಚು ಸೊನ್ನೆ.

ಹಾಗಾದರೆ ಅಗಲಕೋನದ ಮಸೂರ ಬೇಕಾಗುವುದು ಎಲ್ಲಿ? ಹಿಂದೆ ಸರಿಯಲು ಗೋಡೆ ಬಿಡದ ಕಡೆ. ಶಿರಾದಲ್ಲಿ ೧೬೫೧ರಲ್ಲಿ ಕಟ್ಟಿದ ಮಲಿಕ್ ರಿಹಾನನ ಗೋರಿಯನ್ನು ಹೊರಗೆ ನಿಂತು ಯಾವ ಮಸೂರದಿಂದಲಾದರೂ ತೆಗೆಯಬಹುದು. ಒಳಗೆ ಹೋಗಿ ತಲೆಯ ಮೇಲಿನ ಗುಮ್ಮಟವನ್ನೂ ಗೋಡೆಗಳನ್ನೂ ಒಟ್ಟಿಗೆ ತೋರಿಸಬೇಕಾದರೆ ಅಗಲ ಬೇಕು. ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟದ ಗುಹೆಯೊಳಗೂ ಹೀಗೆಯೇ. ಮಧುಗಿರಿಯ ವೆಂಕಟರಮಣ, ಮಲ್ಲೇಶ್ವರ ದೇಗುಲಗಳ ಕಂಬಗಳ ನಡುವೆಯೂ ಹೀಗೆಯೇ. (ಒಳಗೆ ಚಿತ್ರ ತೆಗೆಯುವ ಮುನ್ನ ಅಪ್ಪಣೆ ಕೇಳುವುದನ್ನು ಮರೆಯಬಾರದು.) ಪಾವಗಡದ ಕಡೆ ಮಾತು ಬೇರೆ. ಅಲ್ಲಿ ತಿರುಮಣಿಯ ಸುತ್ತ ಸುಮಾರು ೧೩,೦೦೦ ಎಕರೆಗಳಲ್ಲಿ ಹರಡಿರುವ, ೨೦೧೮ರಲ್ಲಿ ಉದ್ಘಾಟನೆಯಾದ ಸೌರ ವಿದ್ಯುತ್ ಕ್ಷೇತ್ರದಲ್ಲಿ ಜಾಗಕ್ಕೆ ಬರವಿಲ್ಲ. ಆದರೂ ರಸ್ತೆಯ ಪಕ್ಕದಲ್ಲಿ ನೆಲಕ್ಕೆ ಕುಕ್ಕರಿಸಿ, ಹತ್ತಿರದ ಒಂದು ಫಲಕವನ್ನು ದೊಡ್ಡದಾಗಿ ತೋರಿಸಿ, ಉಳಿದ ಸಾಲುಗಳು ದಿಗಂತದವರೆಗೆ ಓಡುವಂತೆ ಮಾಡಲು ಈ ಮಸೂರ ಬಲು ಸೊಗಸು. ಅದು ಅಗತ್ಯವಲ್ಲ, ಅಲಂಕಾರ. ಇನ್ನು ಶಿರಾದ ಬಳಿ ಕಗ್ಗಲಡುವಿನ ಹುಣಿಸೆ ಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳಿಗಾಗಲಿ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗಗಳಿಗಾಗಲಿ ಇದು ನಿಷ್ಪ್ರಯೋಜಕ. ಅಲ್ಲಿ ಬೇಕಾದದ್ದು ದೂರದ್ದನ್ನು ಹತ್ತಿರಕ್ಕೆ ತರುವ ಮಸೂರ.

ಕೊರಟಗೆರೆಯ ಮನೆ

ನನಗೆ ಇದರ ಅವಶ್ಯಕತೆ ನಿಜವಾಗಿ ಒದಗಿದ್ದು ಗುಡಿಯಲ್ಲೂ ಅಲ್ಲ, ಗುಹೆಯಲ್ಲೂ ಅಲ್ಲ. ಕೊರಟಗೆರೆಯಲ್ಲಿ ನನ್ನ ತಾಯಿ ಹುಟ್ಟಿ ಬೆಳೆದ ತೊಟ್ಟಿಯ ಮನೆಯಲ್ಲಿ. ಒಂದು ಸಂಜೆ ಚಿಕ್ಕ ಸೋದರಮಾವನವರು ಫೋನು ಮಾಡಿದರು.

"ಮನೆ ಪಾಲಾಯ್ತಪ್ಪ. ಸಂಕ್ರಾಂತಿ ಕಳೆದ ಮೇಲೆ ಕೆಡವ್ತೀವಿ. ಅಷ್ಟರೊಳಗೆ ಬಂದು ಒಂದು ಫೋಟೋ ತೆಗೆದುಕೊಡು. ಪಡಸಾಲೆ ಪೂರ್ತಿ ಬರಬೇಕು, ಎಲ್ಲಾರೂ ಬರಬೇಕು. ಅಮ್ಮ ಒಂದೇ ಸಮ ಕೇಳ್ತಾ ಇದ್ದಾಳೆ."

ಎಂಬತ್ತೆಂಟು ವರ್ಷದ ಅಜ್ಜಿ ಏನನ್ನಾದರೂ ಕೇಳುವುದೇ ಅಪರೂಪ. ಮರುದಿನವೇ ಹೋದೆ. ಪಡಸಾಲೆಯ ಅಗಲ ಇಪ್ಪತ್ತನಾಲ್ಕು ಅಡಿ. ಒಂದು ಕೊನೆಗೆ ದೇವರಮನೆಯ ಬಾಗಿಲು, ಇನ್ನೊಂದು ಕೊನೆಗೆ ಅಡಿಗೆಮನೆಯ ಬಾಗಿಲು. ತೊಟ್ಟಿಯ ಆಚೆಯ ಗೋಡೆಗೆ ಬೆನ್ನು ಹಚ್ಚಿ ನಿಂತರೂ, ನನಗೂ ಕುಳಿತವರಿಗೂ ನಡುವೆ ಹನ್ನೆರಡೇ ಅಡಿ. ೧೮ ಮಿ.ಮೀ.ನಲ್ಲಿ ಇಟ್ಟು ನೋಡಿದೆ. ದೇವರಮನೆಯ ಬಾಗಿಲು ಬಂದರೆ ಹಿರಿಯ ಮಾವನವರ ಸಂಸಾರ ಬರುವುದಿಲ್ಲ. ಅವರು ಬಂದರೆ ಕಿರಿಯ ಮಾವನವರ ಮಕ್ಕಳು ಬರುವುದಿಲ್ಲ. ಪಾಲಾದ ಮನೆಯಲ್ಲಿ ಯಾರನ್ನು ಬಿಟ್ಟರೂ ಮಾತು ಬರುತ್ತದೆ. ಅಣ್ಣ ತಮ್ಮಂದಿರು ಆಗಲೇ ನೇರವಾಗಿ ಮಾತನಾಡುವುದನ್ನು ಬಿಟ್ಟು, ಹೇಳಬೇಕಾದುದನ್ನು ಅಜ್ಜಿಯ ಮೂಲಕ ಹೇಳಿಕಳಿಸುತ್ತಿದ್ದರು.

ಚಿತ್ರಗಳನ್ನು ಜೋಡಿಸುವ ಉಪಾಯವನ್ನೂ ಮಾಡಿದೆ. ಬೆಟ್ಟ ಅಲುಗದು, ಜನ ಅಲುಗುತ್ತಾರೆ. ಹತ್ತಿರದ ಕಂಬ ನಡುವೆ ಮುರಿದಂತೆ ಬಂದಿತು; ಮಾವನವರ ಮಗಳಿಗೆ ಮೂರು ಕೈಗಳಾದುವು. ಹುಡುಗನೊಬ್ಬ ತನ್ನ ಫೋನನ್ನು ಹಿಡಿದು, "ಇದರಲ್ಲಿ ಎಲ್ಲಾ ಬರುತ್ತೆ" ಎಂದ. ನಿಜ, ಬಂದಿತು. ಹಗಲು ಬೆಳಕಿನಲ್ಲಿ ಅನೇಕರಿಗೆ ಅಷ್ಟೇ ಸಾಕು. ಅಂಥವರು ಮಸೂರ ಕೊಳ್ಳುವ ಗೊಡವೆಗೇ ಹೋಗಬೇಕಾದ್ದಿಲ್ಲ. ಆದರೆ ಪಡಸಾಲೆಯ ಮಬ್ಬಿನಲ್ಲಿ ಅಂಚಿನಲ್ಲಿದ್ದವರ ಮುಖಗಳು ನೀರಿನಲ್ಲಿ ಕಲಸಿದ ಬಣ್ಣದಂತೆ ಬಂದಿದ್ದುವು. ಗೋಡೆಗೆ ತೂಗುಹಾಕುವಷ್ಟು ದೊಡ್ಡದು ಮಾಡಿದರೆ ಯಾರು ಯಾರೆಂದು ತಿಳಿಯುವಂತಿರಲಿಲ್ಲ.

ಸಾವಿರ ರೂಪಾಯಿಯ ಪಾಠ

ಆಗ ನಾನು ಮಾಡಿದ ಅವಿವೇಕವನ್ನು ಮುಚ್ಚಿಡುವುದಿಲ್ಲ. ಹಳೆಯ ಫಿಲ್ಮ್ ಕ್ಯಾಮೆರಾದ ೨೮ ಮಿ.ಮೀ. ಮಸೂರವೊಂದು ನಾಲ್ಕು ಸಾವಿರಕ್ಕೆ ದೊರೆಯಿತು. ಲೋಹದ ಮೈ, ಗಟ್ಟಿ ತಿರುಪು, ಹೊಳೆಯುವ ಗಾಜು. ಪುಸ್ತಕಗಳಲ್ಲೆಲ್ಲ ೨೮ ಅಗಲಕೋನವೆಂದೇ ಬರೆದಿತ್ತು. ಬಳೆಯೊಂದರ ಸಹಾಯದಿಂದ ಕ್ಯಾಮೆರಾಕ್ಕೆ ಸಿಕ್ಕಿಸಿ ನೋಡಿದರೆ ಪಡಸಾಲೆ ಮೊದಲಿಗಿಂತಲೂ ಕಿರಿದಾಗಿ ಕಾಣಿಸಿತು!

ಕಾರಣ ಸರಳ. ನನ್ನ ಕ್ಯಾನನ್ ಕ್ಯಾಮೆರಾದಲ್ಲಿ ಫಿಲ್ಮಿನ ಸ್ಥಾನದಲ್ಲಿರುವ ಸೆನ್ಸರಿನ ಅಗಲ ೩೬ ಮಿ.ಮೀ. ಅಲ್ಲ, ಕೇವಲ ೨೨.೩ ಮಿ.ಮೀ. ದೊಡ್ಡ ಕಿಟಕಿಗೆಂದು ಮಾಡಿದ ನೋಟದ ನಡುವಣ ತುಂಡು ಮಾತ್ರ ಅದರ ಪಾಲಿಗೆ ಬರುತ್ತದೆ. ೨೮ನ್ನು ೧.೬ರಿಂದ ಗುಣಿಸಿದರೆ ಸುಮಾರು ೪೫. ಅಂದರೆ ಅಗಲಕೋನದ ಮಸೂರ ನನ್ನ ಕೈಗೆ ಬರುವ ಹೊತ್ತಿಗೆ ಸಾಮಾನ್ಯ ಮಸೂರವಾಗಿಬಿಟ್ಟಿತ್ತು. ಅದನ್ನು ಮೂರು ಸಾವಿರಕ್ಕೆ ಮಾರಿ, ಸಾವಿರ ರೂಪಾಯಿಯನ್ನು ಶಾಲೆಯ ಶುಲ್ಕವೆಂದು ಭಾವಿಸಿದೆ.

ಆಮೇಲೆ ಮಾಡಿದ ಕೆಲಸವನ್ನು ಮೊದಲೇ ಮಾಡಬೇಕಾಗಿತ್ತು: ಬಡಗಿಯ ಟೇಪು ಹಿಡಿದು ಜಾಗವನ್ನು ಅಳೆಯುವುದು. ಲೆಕ್ಕ ಬಹು ಸುಲಭ. ಎದುರಿನ ವಸ್ತು ಎಷ್ಟು ಅಡಿ ದೂರದಲ್ಲಿದೆಯೋ ಅದನ್ನು ಸೆನ್ಸರಿನ ಅಗಲದಿಂದ ಗುಣಿಸಿ, ಮಸೂರದ ಸಂಖ್ಯೆಯಿಂದ ಭಾಗಿಸಿದರೆ, ಚಿತ್ರದಲ್ಲಿ ಎಷ್ಟು ಅಡಿ ಅಗಲ ಹಿಡಿಸುವುದೆಂಬುದು ದೊರೆಯುತ್ತದೆ. ಹನ್ನೆರಡು ಅಡಿ ದೂರಕ್ಕೆ ನನ್ನ ಕ್ಯಾಮೆರಾದಲ್ಲಿ ೨೮ ಮಿ.ಮೀ. ಮಸೂರ ಹಿಡಿಯುವುದು ಒಂಬತ್ತೂವರೆ ಅಡಿ, ೧೮ ಮಿ.ಮೀ. ಹಿಡಿಯುವುದು ಸುಮಾರು ೧೫ ಅಡಿ, ೧೦ ಮಿ.ಮೀ. ಹಿಡಿಯುವುದು ಸುಮಾರು ೨೭ ಅಡಿ. ನನಗೆ ಬೇಕಾದದ್ದು ೨೪ ಅಡಿ. ಅಲ್ಲಿಗೆ ಚರ್ಚೆ ಮುಗಿಯಿತು. ನಿಕಾನ್ ಕಂಪನಿಯ ಸಣ್ಣ ಸೆನ್ಸರಿನ ಕ್ಯಾಮೆರಾಗಳಿಗೆ ೨೨.೩ರ ಬದಲು ೨೩.೫, ಪೂರ್ಣ ಚೌಕಟ್ಟಿನವುಗಳಿಗೆ ೩೬ ಎಂದಿಟ್ಟುಕೊಂಡರಾಯಿತು.

ಯಾವುದನ್ನು ಹುಡುಕಬೇಕು?

ಬಳಸಿದ ಮಸೂರ ಕೊಳ್ಳುವವರಿಗೆ ಈಗಿನ ಕಾಲ ಅನುಕೂಲವಾಗಿದೆ. ೨೦೧೮ರಲ್ಲಿ ಕ್ಯಾನನ್, ನಿಕಾನ್ ಕಂಪನಿಗಳೆರಡೂ ಒಳಗೆ ಕನ್ನಡಿಯಿಲ್ಲದ ಹೊಸ ಬಗೆಯ ಕ್ಯಾಮೆರಾಗಳನ್ನು ಹೊಸ ಮಸೂರಗಳೊಡನೆ ಹೊರತಂದ ಮೇಲೆ, ಮದುವೆಯ ಫೋಟೋ ತೆಗೆಯುವವರು ಒಬ್ಬೊಬ್ಬರಾಗಿ ಹಳೆಯದನ್ನು ಮಾರುತ್ತಿದ್ದಾರೆ.

ಕ್ಯಾನನ್ನಿನ ಸಣ್ಣ ಸೆನ್ಸರಿಗೆ ೨೦೧೪ರಲ್ಲಿ ಬಂದ ೧೦-೧೮ ಮಿ.ಮೀ. ಮಸೂರ ಬಡವರ ಬಂಧು. ತೂಕ ೨೪೦ ಗ್ರಾಂ ಮಾತ್ರ. ಅದಕ್ಕಿಂತ ಹಿಂದಿನ ೧೦-೨೨ ಹೆಚ್ಚು ಗಟ್ಟಿ, ಹೆಚ್ಚು ಭಾರ. ಸಿಗ್ಮಾ ಕಂಪನಿಯ ೧೦-೨೦, ಟೋಕಿನಾ ಕಂಪನಿಯ ೧೧-೧೬ ಎರಡೂ ಹಲವು ಕ್ಯಾಮೆರಾಗಳಿಗೆ ದೊರೆಯುತ್ತವೆ. ಟೋಕಿನಾದ ರಂಧ್ರ ಎಫ್ ೨.೮ರಷ್ಟು ದೊಡ್ಡದು, ಪಾವಗಡದ ಬಯಲಿನಲ್ಲಿ ರಾತ್ರಿ ನಕ್ಷತ್ರಗಳನ್ನು ತೆಗೆಯುವವರಿಗೆ ಅದು ವರವೇ ಸರಿ. ಮನೆಯಂಥ ಕದಲದ ವಸ್ತುವಿಗೆ ಮುಕ್ಕಾಲಿಯಿದ್ದರೆ ಎಫ್ ೪.೫ ಸಾಕು, ಹೆಚ್ಚಿನ ಬೆಳಕಿಗೆ ಹೆಚ್ಚಿನ ಬೆಲೆ ತೆರಬೇಕಾದ್ದಿಲ್ಲ.

ನಿಕಾನ್ ಇಟ್ಟುಕೊಂಡವರು ಎರಡು ಸಂಗತಿಗಳನ್ನು ನೆನಪಿಡಬೇಕು. ೨೦೧೭ರ ಎಎಫ್-ಪಿ ೧೦-೨೦ ಮಸೂರ ಅಗ್ಗವೂ ಹೌದು, ಚೆನ್ನಾಗಿಯೂ ಇದೆ. ಆದರೆ ಡಿ೯೦, ಡಿ೩೧೦೦, ಡಿ೫೧೦೦ರಂಥ ಹಳೆಯ ಕ್ಯಾಮೆರಾಗಳಲ್ಲಿ ಅದು ಫೋಕಸ್ಸೇ ಆಗದು. ಟೋಕಿನಾ ೧೧-೧೬ರ ಮೊದಲ ಆವೃತ್ತಿಯಲ್ಲಿ ಮೋಟಾರಿಲ್ಲ. ಡಿ೩೦೦೦, ಡಿ೫೦೦೦ ಸರಣಿಯವುಗಳಲ್ಲಿ ಕೈಯಿಂದಲೇ ತಿರುಗಿಸಬೇಕು. ಹಾಗೆಯೇ ಕ್ಯಾನನ್ನಿನ ಇಎಫ್-ಎಸ್ ಎಂಬ ಗುರುತಿನ ಮಸೂರಗಳು ಅದೇ ಕಂಪನಿಯ ಪೂರ್ಣ ಚೌಕಟ್ಟಿನ ಕನ್ನಡಿ ಕ್ಯಾಮೆರಾಗಳಿಗೆ ಕೂಡುವುದಿಲ್ಲ. ಆದ್ದರಿಂದ ಕೊಳ್ಳಲು ಹೋಗುವಾಗ ನಿಮ್ಮ ಕ್ಯಾಮೆರಾವನ್ನೇ ಕೈಯಲ್ಲಿ ಹಿಡಿದು ಹೋಗಿ. ಅಂಗಡಿಯವರ ಕ್ಯಾಮೆರಾದಲ್ಲಿ ನೋಡಿ ಮೆಚ್ಚಿಕೊಳ್ಳುವುದು ಸಲ್ಲದು.

ಟಾರ್ಚು, ಪತ್ರಿಕೆ, ಬೆಟ್ಟ

ನಾನು ಹನ್ನೆರಡು ಸಾವಿರ ರೂಪಾಯಿ ಜೇಬಿನಲ್ಲಿಟ್ಟುಕೊಂಡು ಮಧುಗಿರಿಯ ಒಂದು ಸ್ಟುಡಿಯೋಕ್ಕೆ ಹೋದೆ. ಮಾಲೀಕರು ಹಿರಿಯರು; ಮೇಜಿನ ಮೇಲೆ ಎರಡು ಮಸೂರಗಳನ್ನಿಟ್ಟರು. ಒಂದು ಹೊಚ್ಚ ಹೊಸದರಂತೆ ಹೊಳೆಯುತ್ತಿತ್ತು. ಇನ್ನೊಂದು ೧೦-೧೮, ಮೈಮೇಲಿನ ಬಿಳಿಯ ಅಕ್ಷರಗಳು ಸವೆದಿದ್ದುವು, ಮುಂದಿನ ಗಾಜಿನಲ್ಲಿ ಕೂದಲೆಳೆಯಂಥ ಗೀರೊಂದಿತ್ತು. ನನ್ನ ಕೈ ಹೊಳೆಯುವುದರ ಕಡೆಗೆ ಹೋಯಿತು. ಅವರು ಏನೂ ಹೇಳದೆ ಟಾರ್ಚು ಕೊಟ್ಟರು.

ಹಿಂದಿನಿಂದ ಟಾರ್ಚು ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿದೆ. ಒಳಗಾಜಿನ ಅಂಚಿನಲ್ಲಿ ಜೇಡರ ಬಲೆಯ ತುಣುಕಿನಂಥ ಬಿಳಿಯ ಎಳೆಗಳು ಹಬ್ಬಿದ್ದುವು. ಅದು ಬೂಷ್ಟು.

"ಮದುವೆ ಮನೇಲಿ ದುಡಿದ ಮಸೂರ ಸವೆದಿರುತ್ತೆ ಮೇಷ್ಟ್ರೇ, ಕೊಳೆತಿರೋದಿಲ್ಲ" ಎಂದರು ಅವರು. "ಬೀರುವಿನಲ್ಲಿ ಕೂತದ್ದು ಹೊರಗೆ ಹೊಳೀತಿರುತ್ತೆ, ಒಳಗೆ ಬೂಷ್ಟು. ಇದು ಕರಾವಳಿ ಕಡೆಯಿಂದ ಬಂದದ್ದು. ನಿಮಗೆ ಬೇಡ."

ನಮ್ಮ ಬಯಲುಸೀಮೆಯ ಒಣಹವೆ ರೈತನಿಗೆ ಶತ್ರುವಾದರೂ ಮಸೂರಕ್ಕೆ ಮಿತ್ರ. ಮಲೆನಾಡು, ಕರಾವಳಿಗಳಿಂದ ಬಂದ ಮಸೂರವನ್ನು ಎರಡು ಸಲ ನೋಡಬೇಕು. ಒಳಗೆ ನಾಲ್ಕಾರು ಧೂಳಿನ ಕಣಗಳಿದ್ದರೆ ಚಿಂತೆಯಿಲ್ಲ. ಮುಂದಿನ ಗಾಜಿನ ಸಣ್ಣ ಗೀರೂ ಸೂರ್ಯನಿಗೆದುರಾಗಿ ತೆಗೆದಾಗಲ್ಲದೆ ತೊಂದರೆ ಕೊಡದು. ಹಿಂದಿನ ಗಾಜಿನ ಗೀರು ಮಾತ್ರ ಚಿತ್ರದಲ್ಲಿ ಕಾಣಿಸಿಕೊಳ್ಳುತ್ತದೆ. ಅಂಥದನ್ನು ಬಿಡುವುದೇ ಲೇಸು. ಗಾಜುಗಳ ನಡುವೆ ಹಾಲು ಸವರಿದಂಥ ಮಂಜಿದ್ದರೂ ಬಿಡಬೇಕು.

ಎರಡನೆಯದು ನಾಲ್ಕು ಮೂಲೆಗಳ ಪರೀಕ್ಷೆ. ಕನ್ನಡಿ ಕ್ಯಾಮೆರಾದೊಳಗೆ ಕನ್ನಡಿ ಏಳಲು ಜಾಗ ಬೇಕಾದ್ದರಿಂದ ಮಸೂರದ ಹಿಂಗಾಜು ಸೆನ್ಸರಿನಿಂದ ದೂರ ಇರಬೇಕು. ಅಗಲಕೋನದಲ್ಲಿ ಇದನ್ನು ಸಾಧಿಸುವ ವಿಧಾನವನ್ನು ಫ್ರಾನ್ಸಿನ ಆಂಜೆನ್ಯೂ ಕಂಪನಿ ೧೯೫೦ರಲ್ಲಿ ಫೋಟೋ ಕ್ಯಾಮೆರಾಗಳಿಗೆ ತಂದಿತು. ಅದಕ್ಕೆ ಬೆಲೆಯಾಗಿ ಗಾಜುಗಳ ಸಂಖ್ಯೆ ಹೆಚ್ಚಿತು. ಈ ಪುಟ್ಟ ೧೦-೧೮ರಲ್ಲೇ ೧೪ ಗಾಜುಗಳಿವೆ. ಒಮ್ಮೆ ಕೆಳಗೆ ಬಿದ್ದು ಒಂದು ಗಾಜು ಕೂದಲೆಳೆಯಷ್ಟು ಜರುಗಿದರೂ ಚಿತ್ರದ ಒಂದು ಪಕ್ಕ ಮಸುಕಾಗುತ್ತದೆ. ಗೋಡೆಯ ಮೇಲೆ ನಾಲ್ಕು ಮೂಲೆಗೂ ನಡುವಿಗೂ ಒಂದೊಂದು ವೃತ್ತಪತ್ರಿಕೆಯ ಹಾಳೆ ಅಂಟಿಸಿ, ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ಗೋಡೆಗೆ ನೇರವಾಗಿ ನಿಲ್ಲಿಸಿ, ರಂಧ್ರವನ್ನು ಪೂರ್ತಿ ತೆರೆದು ಒಂದು ಚಿತ್ರ ತೆಗೆಯಬೇಕು. ಮೂಲೆಗಳು ನಡುವಿಗಿಂತ ಸ್ವಲ್ಪ ಮೆದುವಾಗಿರುವುದು ಸ್ವಾಭಾವಿಕ. ನಾಲ್ಕೂ ಒಂದೇ ಸಮ ಮೆದುವಾಗಿರಬೇಕು, ಅಷ್ಟೆ. ಮೂರು ಮೂಲೆಗಳ ಅಕ್ಷರ ಓದಲು ಬಂದು ನಾಲ್ಕನೆಯದು ಕಲಸಿದ್ದರೆ, ಬೆಲೆ ಎಷ್ಟೇ ಇಳಿಸಿದರೂ ಬೇಡ.

ಮೂರನೆಯದಕ್ಕೆ ಮಧುಗಿರಿಯಂಥ ಊರು ಬೇರೆಯಿಲ್ಲ. ಬೀದಿಗೆ ಬಂದು ಬೆಟ್ಟದ ಮೇಲಿನ ಕೋಟೆಯ ಗೋಡೆಯನ್ನು ಫೋಕಸ್ ಮಾಡಿ ನೋಡಬೇಕು. ದೂರದ ತೆನೆಗೋಡೆ ಸ್ಪಷ್ಟವಾಗಿ ಬಂದರೆ ಅನಂತದೂರದ ಫೋಕಸ್ ಸರಿಯಾಗಿದೆಯೆಂದರ್ಥ. ಮೋಟಾರು ಗರಗರ ಎನ್ನಬಾರದು. ಸಂಖ್ಯೆಗಳನ್ನು ಬದಲಾಯಿಸುವ ಉಂಗುರ ಎಲ್ಲಿಯೂ ಸಿಕ್ಕಿಕೊಳ್ಳಬಾರದು. ಮುಂದಿನ ಬಳೆ ನಗ್ಗಿದ್ದರೆ, ಬುಡದ ತಿರುಪುಗಳ ತಲೆ ಸವೆದಿದ್ದರೆ, ಯಾರೋ ಬೀಳಿಸಿದ್ದಾರೆ ಅಥವಾ ಬಿಚ್ಚಿದ್ದಾರೆ. ೧೦-೧೮ರ ಬುಡ ಪ್ಲಾಸ್ಟಿಕ್ಕಿನದಾದ್ದರಿಂದ ಅಲ್ಲಿ ಸೀಳಿದೆಯೇ ಎಂದು ಬೆರಳಾಡಿಸಿ ನೋಡಬೇಕು. ಕಡೆಯದಾಗಿ, ಮೂಲ ರಸೀದಿಯಿದ್ದರೆ ಅದರ ಮೇಲಿನ ಸಂಖ್ಯೆಯೂ ಮಸೂರದ ಮೇಲಿನದೂ ಒಂದೇ ಆಗಿರಬೇಕು.

ಹದಿಮೂರು ಸಾವಿರ ಕೇಳಿದರು. ಗೀರನ್ನು ತೋರಿಸಿದೆ. ಹನ್ನೊಂದೂವರೆಗೆ ಒಪ್ಪಿದರು.

ಅಂಚಿನ ಜನ

ಧನುರ್ಮಾಸದ ಒಂದು ಭಾನುವಾರ ಬೆಳಗ್ಗೆ ಒಂಬತ್ತಕ್ಕೆ, ತೊಟ್ಟಿಯೊಳಕ್ಕೆ ಬಿಸಿಲು ಇಳಿದು ಪಡಸಾಲೆಯೆಲ್ಲ ತಿಳಿಬೆಳಕಾದಾಗ, ಮುಕ್ಕಾಲಿ ನಿಲ್ಲಿಸಿದೆ. ಅಗಲಕೋನದ ಮಸೂರಕ್ಕೆ ಒಂದು ದುರ್ಗುಣವಿದೆ: ಚೌಕಟ್ಟಿನ ಅಂಚಿನಲ್ಲಿರುವುದನ್ನು ಅದು ಅಡ್ಡಡ್ಡ ಎಳೆಯುತ್ತದೆ. ಅಂಚಿನಲ್ಲಿ ನಿಂತವರ ಮುಖ ಹಲಸಿನ ಹಣ್ಣಾಗುತ್ತದೆ. ಕ್ಯಾಮೆರಾವನ್ನು ಮೇಲಕ್ಕೋ ಕೆಳಕ್ಕೋ ಬಾಗಿಸಿದರೆ ಕಂಬಗಳು ವಾಲುತ್ತವೆ. ಆದ್ದರಿಂದ ಅಂಚುಗಳನ್ನು ಬಾಗಿಲುಗಳಿಗೂ ಕಂಬಗಳಿಗೂ ಬಿಟ್ಟು, ಜನರನ್ನೆಲ್ಲ ನಡುವಿಗೆ ತರಬೇಕು. ಕ್ಯಾಮೆರಾವನ್ನು ಕುಳಿತವರ ಎದೆಯ ಮಟ್ಟದಲ್ಲಿ ನೆಟ್ಟಗೆ ಇಡಬೇಕು.

ಹಿರಿಯ ಮಾವನವರು ದೇವರಮನೆಯ ಕಡೆಯ ಕೊನೆಯಲ್ಲಿ, ಕಿರಿಯ ಮಾವನವರು ಅಡಿಗೆಮನೆಯ ಕಡೆಯ ಕೊನೆಯಲ್ಲಿ, ತಂತಮ್ಮ ಸಂಸಾರದೊಡನೆ ಕುಳಿತಿದ್ದರು. ನಾನು ಈ ಶಾಸ್ತ್ರವನ್ನು ವಿವರಿಸಿದೆ. "ಹತ್ತಿರಕ್ಕೆ ಬನ್ನಿ ಮಾವ, ಇನ್ನೂ ಹತ್ತಿರಕ್ಕೆ. ಅಲ್ಲಿದ್ದರೆ ಮುಖ ಕೆಟ್ಟುಹೋಗುತ್ತೆ." ಇಬ್ಬರೂ ಜರುಗಿದರು. ಕಡೆಗೆ ಅಜ್ಜಿಯ ಎಡಕ್ಕೊಬ್ಬರು, ಬಲಕ್ಕೊಬ್ಬರು ಬಂದು ಕುಳಿತರು. ಅಜ್ಜಿ ಇಬ್ಬರ ಮೊಣಕಾಲಿನ ಮೇಲೂ ಒಂದೊಂದು ಕೈಯಿಟ್ಟಳು. ರಂಧ್ರ ಎಫ್ ೮. ಕಾಲ ಒಂದು ಸೆಕೆಂಡಿನ ಹದಿನೈದನೆಯ ಒಂದು ಭಾಗ. ಹತ್ತು ಸೆಕೆಂಡಿನ ಗಡುವು ಒತ್ತಿ ನಾನೂ ಓಡಿಹೋಗಿ ಹಿಂದಿನ ಸಾಲಿನಲ್ಲಿ ನಿಂತೆ. ಒಟ್ಟು ಹದಿನಾರು ಚಿತ್ರ ತೆಗೆದೆವು. ಎಲ್ಲರೂ ಕಣ್ಣು ತೆರೆದಿದ್ದುದು ಒಂದರಲ್ಲಿ.

ಸಂಕ್ರಾಂತಿ ಕಳೆದು ಎಂಟು ದಿನಕ್ಕೆ ಮನೆ ಕೆಡವಿದರು. ಮಾವಂದಿರಿಬ್ಬರೂ ಅಂದಿನಿಂದ ಹಿಂದಿನಂತಾದರೆಂದು ಹೇಳಿದರೆ ಕಥೆಯಾದೀತು, ಹಾಗೇನೂ ಆಗಲಿಲ್ಲ. ಆದರೆ ಇಬ್ಬರ ಹೊಸ ಮನೆಗಳಲ್ಲೂ ಅದೇ ಚಿತ್ರ ತೂಗುತ್ತಿದೆ. ಒಬ್ಬರನ್ನು ಕತ್ತರಿಸಿ ಇನ್ನೊಬ್ಬರನ್ನು ಉಳಿಸಿಕೊಳ್ಳುವಂತಿಲ್ಲ. ನಡುವೆ ಅಜ್ಜಿಯ ಕೈಗಳಿವೆ.

ಚಿತ್ರವನ್ನು ಅಜ್ಜಿಯ ಕೈಗೆ ಕೊಟ್ಟಾಗ ಬಹಳ ಹೊತ್ತು ನೋಡಿದಳು. ಬೆರಳಿಟ್ಟು ಒಬ್ಬೊಬ್ಬರನ್ನಾಗಿ ಎಣಿಸಿದಳು. ಬಾಗಿಲುಗಳನ್ನೂ ಕಂಬಗಳನ್ನೂ ಎಣಿಸಿದಳು. ಆಮೇಲೆ ಕೇಳಿದಳು:

"ಎಲ್ಲಾ ಬಂದಿದೆ ಕಣಪ್ಪಾ. ಒಳಕಲ್ಲು ಎಲ್ಲಿ?"

ಒಳಕಲ್ಲು ಅಡಿಗೆಮನೆಯೊಳಗಿತ್ತು. ಅದನ್ನು ತೆಗೆಯಬೇಕೆಂದು ನನಗೆ ತೋರಿರಲೇ ಇಲ್ಲ. ಅರವತ್ತು ವರ್ಷ ಅವಳು ರುಬ್ಬಿದ ಕಲ್ಲು ಅದು. ಅದಕ್ಕೆ ಅಗಲಕೋನವೇನೂ ಬೇಕಾಗಿರಲಿಲ್ಲ, ಹಳೆಯ ೧೮-೫೫ ಮಸೂರವೇ ಸಾಕಾಗಿತ್ತು.

ವಾಚಕರಲ್ಲಿ ಯಾರ ಮನೆಯಾದರೂ ಕೆಡವುವುದರಲ್ಲಿದ್ದರೆ, ಮಸೂರ ಕೊಳ್ಳುವ ಮೊದಲು ಟೇಪು ಹಿಡಿದು ಅಳೆಯಿರಿ. ಟೇಪು ಹಿಡಿಯುವುದಕ್ಕೂ ಮೊದಲು, ಏನೇನು ಬರಬೇಕೆಂದು ಮನೆಯ ಹಿರಿಯರನ್ನು ಒಂದು ಮಾತು ಕೇಳಿ.